ಸಾದಾ ಒಡಲಿನ ಮೇಲೆ ಚಿತ್ರ ಬರೆದವರು

ಬಸವನಗುಡಿ ದಾಟಿ ಬನಶಂಕರಿಯ ಕಡೆಗೆ ಹೋಗುವವರಿಗೆ ಟಾಟಾ ಸಿಲ್ಕ್ ಫಾರಂ ಎಂಬುದು ಒಂದು ಬಸ್ ಸ್ಟಾಪಿನ ಹೆಸರು. ಅಲ್ಲಿ ಇಳಿದರೆ ಕಾಣುವುದು ಮನೆ, ಅಂಗಡಿ, ಹೋಟೆಲುಗಳ ಸಾಲು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ನಿಜಕ್ಕೂ ರೇಷ್ಮೆಯ ತೋಟವಿತ್ತು. 1893ರಲ್ಲಿ ಜಪಾನಿಗೆ ಹೋಗಿದ್ದ ಜಮ್‌ಷೆಡ್‌ಜಿ ಟಾಟಾ ಆ ದೇಶದ ರೇಷ್ಮೆ ಕೆಲಸದ ಅಚ್ಚುಕಟ್ಟನ್ನು ಕಂಡು ಬಂದಿದ್ದರು. ಬೆಂಗಳೂರಿನ ಹವೆ ಅದಕ್ಕೆ ಒಗ್ಗುತ್ತದೆಂದು ಅವರಿಗೆ ತೋರಿತು. ಮೈಸೂರು ಸರ್ಕಾರ ಜಮೀನು ಕೊಟ್ಟಿತು, ಜಪಾನಿನಿಂದ ಪರಿಣತ ದಂಪತಿ ಬಂದರು, ಹಿಪ್ಪುನೇರಳೆ ನಾಟಿಯಾಯಿತು. ಹುಳು ಸಾಕುವುದು, ರೋಗವಿಲ್ಲದ ಮೊಟ್ಟೆ ಆರಿಸುವುದು, ಗೂಡಿನಿಂದ ನೂಲು ಬಿಚ್ಚುವುದು, ಎಲ್ಲವನ್ನೂ ಕಲಿಸುವ ಶಾಲೆಯಾಗಿಯೂ ಆ ತೋಟ ನಡೆಯಿತು. ಟಾಟಾ 1904ರಲ್ಲಿ ತೀರಿಕೊಂಡರು. 1910ರಲ್ಲಿ ತೋಟ ಸಾಲ್ವೇಷನ್ ಆರ್ಮಿಯ ಕೈಗೆ ಹೋಯಿತು. 1898ರ ಪ್ಲೇಗಿನ ಕಾಲದಲ್ಲಿ ಹುಟ್ಟಿದ ಬಸವನಗುಡಿ ಬಡಾವಣೆ ಬೆಳೆಯುತ್ತ ಸುತ್ತಲಿನ ಬಯಲನ್ನೆಲ್ಲ ತುಂಬಿಕೊಂಡಿತು. ಸ್ಟಾಪಿಗೆ ಹೆಸರು ಉಳಿಯಿತು.

ಇವತ್ತು ಇದೇ ಸುತ್ತಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ರೇಷ್ಮೆ ಸೀರೆಗೆ ಕೈಯಾರೆ ಬಣ್ಣ ಬರೆಯುವವರಿದ್ದಾರೆ. ಹೆಚ್ಚಿನವರು ಹೆಂಗಸರು, ಮನೆಯ ಹಾಲಿನಲ್ಲೋ ಮಹಡಿಯ ಮೇಲಿನ ಒಂದು ಕೋಣೆಯಲ್ಲೋ ಚೌಕಟ್ಟು ಹಾಕಿಕೊಂಡು ಕೆಲಸ ಮಾಡುವವರು. ಸೆರಗಿನಲ್ಲಿ ನವಿಲು, ನೆರಿಗೆಯ ಕಡೆಗೆ ತಾವರೆಯ ಬಳ್ಳಿ, ಒಡಲಿನಲ್ಲಿ ಚದುರಿದ ಪಾರಿಜಾತ. ಇಂಥ ಸೀರೆಯನ್ನು ಕೊಳ್ಳುವವರು ಬೆಲೆ ಕೇಳುತ್ತಾರೆ, ಬಣ್ಣ ಹೋಗುತ್ತದೆಯೇ ಎಂದು ಕೇಳುತ್ತಾರೆ. ಇದು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಆರಿಸುವುದಕ್ಕೂ ಕಾಪಾಡುವುದಕ್ಕೂ ಬೇಕಾದ ತಿಳಿವಳಿಕೆಯ ಬಹುಪಾಲು ಅದರ ಹಿನ್ನೆಲೆಯಲ್ಲೇ ಇದೆ. ಬಟ್ಟೆ ಒಂದು ದಾರಿಯಲ್ಲಿ ಬಂತು, ಕುಂಚ ಇನ್ನೊಂದು ದಾರಿಯಲ್ಲಿ ಬಂತು.

ಬಟ್ಟೆಯ ದಾರಿ ಶ್ರೀರಂಗಪಟ್ಟಣದಿಂದ ಹೊರಡುತ್ತದೆ. ಟಿಪ್ಪು ಸುಲ್ತಾನ ಬಂಗಾಳದಿಂದ ರೇಷ್ಮೆ ಹುಳು ತರಿಸಲು ಜನ ಕಳುಹಿಸಿದ್ದ. ಅವರು ಹಿಂದಿರುಗುವ ಹೊತ್ತಿಗೆ ಹುಳುಗಳನ್ನು ಎಲ್ಲಿ, ಹೇಗೆ ಸಾಕಬೇಕೆಂದು ವಿಚಾರಿಸಿ ವ್ಯವಸ್ಥೆ ಮಾಡಬೇಕೆಂದು 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಪತ್ರ ಬರೆಸಿದ. ರಾಜ್ಯದ 21 ಕಡೆ ಈ ಕೆಲಸ ನಡೆಸುವ ಯೋಜನೆ ಅವನದಾಗಿತ್ತು. ನೇಯ್ಗೆ ಅದಕ್ಕೂ ಹಳೆಯದು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯ ರೇಷ್ಮೆ ನೇಕಾರರಾದ ಪಟ್ಟೆಗಾರರನ್ನೂ ಖತ್ರಿಗಳನ್ನೂ ಕಂಡು, ಅವರು ನೇಯುವ ಗಟ್ಟಿ ಬಟ್ಟೆಯನ್ನೂ ನೂಲಿಗೆ ತಾವೇ ಬಣ್ಣ ಹಾಕಿಕೊಳ್ಳುವುದನ್ನೂ ತನ್ನ ಪ್ರವಾಸದ ವರದಿಯಲ್ಲಿ ದಾಖಲಿಸಿದ. ಬಣ್ಣ ಆಗ ನೂಲಿನ ಹಂತದಲ್ಲೇ ಸೇರುತ್ತಿತ್ತು. ಅಂಚಿನ ರುದ್ರಾಕ್ಷಿ, ಸೆರಗಿನ ಪಟ್ಟೆ, ಒಡಲಿನ ಬುಟ್ಟಾ, ಅಲಂಕಾರ ಹೆಚ್ಚಾಗಿ ಮಗ್ಗದಲ್ಲೇ ಹುಟ್ಟುತ್ತಿತ್ತು. ನೇಯ್ದು ಇಳಿಸಿದ ಸೀರೆಯ ಮೇಲೆ ಇನ್ನೊಬ್ಬರು ಕುಂಚವಾಡಿಸುವ ಅವಕಾಶ ಕಡಿಮೆಯಿತ್ತು.

ಆ ಅವಕಾಶ ತೆರೆದದ್ದು 1912ರಲ್ಲಿ ಎನ್ನಬಹುದು. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಸರ್ಕಾರ ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುಮಾಡಿತು. ಮೈಸೂರು ಕ್ರೇಪ್ ಎಂದು ಎಲ್ಲರೂ ಬಲ್ಲ ಸೀರೆ ಅಲ್ಲಿಂದ ಬಂತು. ನೂಲನ್ನು ಬಿಗಿಯಾಗಿ ಹುರಿಗೊಳಿಸಿ ನೇಯುವುದರಿಂದ ಅದಕ್ಕೆ ಸಣ್ಣ ತರಿಯೂ ಜೋಲಾಡುವ ಗುಣವೂ ಸೇರುತ್ತವೆ. ಅಂಚಿಗೆ ತೆಳುವಾದ ಜರಿ, ಒಡಲಿಗೆ ಒಂದೇ ಬಣ್ಣ. ಕಾಂಚೀಪುರದ ಸೀರೆಯ ಹಾಗೆ ತುಂಬಿ ತುಳುಕುವ ಅಲಂಕಾರವಿಲ್ಲ. ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆ.ಎಸ್.ಐ.ಸಿ.) ನಡೆಸುವ ಆ ಕಾರ್ಖಾನೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಮೈಸೂರು ರೇಷ್ಮೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಆ ಸಾದಾ ಒಡಲಿನಲ್ಲಿ ಐದೂವರೆ ಮೀಟರಿನ ಉದ್ದಕ್ಕೂ ಕಣ್ಣನ್ನು ತಡೆಯುವ ಗುರುತೇ ಇಲ್ಲ. ಚಿತ್ರ ಬಲ್ಲ ಕೈಗೆ ಅದು ಆಹ್ವಾನದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಕಾಂಚೀಪುರದ ಸೀರೆಯ ಮೇಲೆ ಬರೆಯಲು ಜಾಗವೇ ಕಡಿಮೆ. ಮೈಸೂರಿನದರ ಮೇಲೆ ಇಡೀ ಸೀರೆಯೇ ಜಾಗ. ಬೆಂಗಳೂರಿನ ದಕ್ಷಿಣದಲ್ಲಿ ಈ ಕೆಲಸ ಬೇರೂರಲು ಇದೂ ಒಂದು ಕಾರಣವಿರಬಹುದು.

ಕುಂಚದ ದಾರಿ ಬೇರೆ. ಚಿತ್ರಕ್ಕೆ ಬೇಕಾದ ಅಂಟು, ಕುಂಚ, ಬಣ್ಣಗಳ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಎಮ್ಮೆಯ ಚರ್ಮ ಬೇಯಿಸಿ ತೆಗೆವ ವಜ್ರಲೇಪದ ಅಂಟಿನ ವಿವರವಿದೆ, ಕರುವಿನ ಕಿವಿಯ ಕೂದಲಿನ ಕುಂಚದ ಮಾತಿದೆ. ಅದೇ ಗ್ರಂಥದಲ್ಲಿ ಅರಸ ತೊಡುವ ವಸ್ತ್ರಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಆದರೆ ಬಟ್ಟೆಯ ಮೇಲೆ ಕೈಯಿಂದ ಬರೆಯುವುದನ್ನು ಇಂದಿನ ತನಕ ಕಸುಬಾಗಿ ಉಳಿಸಿಕೊಂಡಿರುವ ಹತ್ತಿರದ ಊರು ಆಂಧ್ರದ ಶ್ರೀಕಾಳಹಸ್ತಿ. ಅಲ್ಲಿನ ದೇವಾಲಯಕ್ಕೆ 1516ರಲ್ಲಿ ದೊಡ್ಡ ಗೋಪುರ ಕಟ್ಟಿಸಿದವನು ಕೃಷ್ಣದೇವರಾಯ. ಗುಡಿಯಲ್ಲಿ ತೂಗುಹಾಕುವ ಕಲಂಕಾರಿ ಬಟ್ಟೆಗಳ ಮೇಲೆ ಅಲ್ಲಿನ ಕಲಾವಿದರು ರಾಮಾಯಣ, ಭಾರತಗಳ ಕಥೆ ಬರೆಯುತ್ತಿದ್ದರು.

20ನೆಯ ಶತಮಾನದ ನಡುವಿನಲ್ಲಿ ಆ ಕಸುಬು ನಂದುವ ಹಂತಕ್ಕೆ ಬಂದಿತ್ತು. ಅದನ್ನು ಎತ್ತಿ ನಿಲ್ಲಿಸಿದವರು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿದ್ದ ಅವರ ಕಾಳಜಿಯಿಂದ 1957ರಲ್ಲಿ ಶ್ರೀಕಾಳಹಸ್ತಿಯಲ್ಲಿ ಸರ್ಕಾರದ ತರಬೇತಿ ಕೇಂದ್ರ ಆರಂಭವಾಯಿತು. ಹಳೆಯ ವಿದ್ಯೆ ಬಲ್ಲ ಜೊನ್ನಲಗಡ್ಡ ಲಕ್ಷ್ಮಯ್ಯ ಅಲ್ಲಿ ಗುರುವಾದರು. ಆ ಕೇಂದ್ರ ತೆರೆಯದಿದ್ದರೆ ಕಲಂಕಾರಿ ಸೀರೆ ಎಂಬುದು ಇವತ್ತು ಬೆಂಗಳೂರಿನ ಅಂಗಡಿಗಳಲ್ಲಿ ಬಹುಶಃ ಕಾಣುತ್ತಿರಲಿಲ್ಲ. ಕನ್ನಡಿಗರು ಕಮಲಾದೇವಿಯವರನ್ನು ನೆನೆಯುವಾಗ ಈ ಒಂದು ಕೆಲಸವನ್ನು ಬಿಡಬಾರದು.

ಕಲಂಕಾರಿಯ ಕ್ರಮ ತಿಳಿದರೆ ಬಣ್ಣ ಬಟ್ಟೆಯೊಳಗೆ ಇಳಿಯುವುದೆಂದರೇನು ಎಂಬುದು ಅರ್ಥವಾಗುತ್ತದೆ. ಮೊದಲು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಹಾಲಿನ ಮಿಶ್ರಣದಲ್ಲಿ ನೆನೆಸಿ ಒಣಗಿಸುತ್ತಾರೆ. ಅಳಲೆಯ ಒಗರು ಬಣ್ಣವನ್ನು ಹಿಡಿಯುತ್ತದೆ. ಹಾಲಿನ ಜಿಡ್ಡು ಗೆರೆ ಹರಡದಂತೆ ತಡೆಯುತ್ತದೆ. ಬಿದಿರ ಕಡ್ಡಿಯ ತುದಿ ಚೂಪು ಮಾಡಿ, ಸ್ವಲ್ಪ ಮೇಲೆ ಉಣ್ಣೆಯನ್ನೋ ಬಟ್ಟೆಯನ್ನೋ ಸುತ್ತಿ ದಾರದಿಂದ ಬಿಗಿದರೆ ಕಲಂ ಸಿದ್ಧ. ಹಿಸುಕಿದಷ್ಟು ಬಣ್ಣ ಇಳಿಯುತ್ತದೆ. ಕಪ್ಪಿಗೆ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿಯಲು ಬಿಡುತ್ತಾರೆ. ಆ ನೀರು ಅಳಲೆ ಹತ್ತಿದ ಬಟ್ಟೆಗೆ ತಾಗಿದೊಡನೆ ಕಪ್ಪು ಮೂಡುತ್ತದೆ. ಕೆಂಪು ಬೇಕಾದ ಕಡೆ ಪಟಿಕದ ನೀರಿನಿಂದ ಬರೆದು, ಆಮೇಲೆ ಮಂಜಿಷ್ಠದಂಥ ಬೇರುಗಳ ಕಷಾಯದಲ್ಲಿ ಬಟ್ಟೆ ಕುದಿಸಿದರೆ ಪಟಿಕ ಬಿದ್ದ ಜಾಗ ಮಾತ್ರ ಗಟ್ಟಿಯಾಗಿ ಕೆಂಪೇರುತ್ತದೆ. ನಡುನಡುವೆ ಹರಿಯುವ ನೀರಿನಲ್ಲಿ ಒಗೆಯಬೇಕು, ಬಿಸಿಲಿಗೆ ಹರಡಬೇಕು. ಒಂದು ಸೀರೆಗೆ ವಾರಗಳೇ ಹಿಡಿಯುತ್ತವೆ. ಇಷ್ಟು ಒಗೆತ, ಕುದಿತ ಕಂಡ ಬಣ್ಣ ಆಮೇಲೆ ಒಂದು ಮಳೆಹನಿಗೆ ಹೆದರುವುದಿಲ್ಲ.

ಜಯನಗರದ ಮನೆಗಳ ಕಥೆ ಹೀಗಲ್ಲ. 1948ರಲ್ಲಿ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದ ಈ ಬಡಾವಣೆ ಸರ್ಕಾರಿ ನೌಕರರು, ಬ್ಯಾಂಕಿನವರು, ಮೇಷ್ಟ್ರುಗಳು, ಕಾರ್ಖಾನೆಗಳ ಎಂಜಿನಿಯರುಗಳು ಮನೆ ಕಟ್ಟಿಕೊಂಡ ಜಾಗ. ಓದಿದ, ಸಂಗೀತ, ರಂಗೋಲಿ, ಹೊಲಿಗೆ ಬಲ್ಲ ಗೃಹಿಣಿಯರು ಇಲ್ಲಿ ತುಂಬ ಮಂದಿ ಇದ್ದರು. ಮಹಿಳಾ ಸಮಾಜಗಳಲ್ಲಿ, ಮನೆಯ ವರಾಂಡಗಳಲ್ಲಿ ಹೊಲಿಗೆ ಮತ್ತು ಕಸೂತಿಯ ತರಗತಿಗಳ ಜೊತೆಗೆ ಫ್ಯಾಬ್ರಿಕ್ ಪೇಂಟಿಂಗ್ ತರಗತಿಗಳೂ ಸೇರಿಕೊಂಡವು. ಸಣ್ಣ ಬಾಟಲಿಗಳಲ್ಲಿ ಕ್ಯಾಮೆಲ್, ಫೆವಿಕ್ರಿಲ್ ಬಣ್ಣಗಳು ಸ್ಟೇಷನರಿ ಅಂಗಡಿಗಳಿಗೆ ಬಂದ ಮೇಲೆ ಬೇರು ಕುದಿಸುವ, ಹೊಳೆಯಲ್ಲಿ ಒಗೆಯುವ ಗೊಡವೆ ಬೇಕಾಗಲಿಲ್ಲ. ದಿಂಬಿನ ಕವರು, ಕರವಸ್ತ್ರ, ಆಮೇಲೆ ವಾಯಿಲ್ ಸೀರೆ, ಕೈ ಪಳಗಿದ ಮೇಲೆ ರೇಷ್ಮೆ. ಮೊದಲು ಮಗಳಿಗೆ, ಅತ್ತಿಗೆಗೆ, ಆಮೇಲೆ ಪಕ್ಕದ ಮನೆಯವರು ಕೇಳಿದರೆಂದು, ಆಮೇಲೆ ದುಡ್ಡಿಗೆ. ಇದನ್ನು ಹವ್ಯಾಸವೆಂದು ಪಕ್ಕಕ್ಕೆ ಇಡುವುದು ಅನ್ಯಾಯ. ಎಷ್ಟೋ ಮನೆಗಳಲ್ಲಿ ಹೆಣ್ಣಿನ ಹೆಸರಿನಲ್ಲಿ ತೆರೆದ ಮೊದಲ ಬ್ಯಾಂಕ್ ಖಾತೆಗೆ ಇಂಥ ಕೆಲಸದ ದುಡ್ಡೇ ಬಿದ್ದಿರಬಹುದು.

ಕೆಲಸ ನೋಡಿದವರಿಗೆ ಅದರ ಶ್ರಮ ಗೊತ್ತು. ಹೊಸ ಸೀರೆಗೆ ಅಂಗಡಿಯಲ್ಲಿ ಹಾಕಿದ ಗಂಜಿ ಇರುತ್ತದೆ. ಅದು ಹೋಗದೆ ಬಣ್ಣ ಕೂರುವುದಿಲ್ಲ. ಬಟರ್ ಪೇಪರಿನ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಒರೆಸಿದರೆ ಸೀರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಗುರುತು ಮೂಡುತ್ತದೆ. ಸೆರಗನ್ನು ಚೌಕಟ್ಟಿಗೆ ಎಳೆದು ಕಟ್ಟಬೇಕು, ಆದರೆ ಎಳೆ ಜಗ್ಗಬಾರದು. ತಪ್ಪಿದ ಗೆರೆಯನ್ನು ರೇಷ್ಮೆಯಲ್ಲಿ ಅಳಿಸಲಾಗದು. ಅನುಭವಿಗಳು ಅದರ ಮೇಲೊಂದು ಎಲೆ ಬರೆದು ಮುಂದೆ ಹೋಗುತ್ತಾರೆ.

ಇತ್ತೀಚೆಗೆ ಚಿತ್ರದ ಸಂಪತ್ತೂ ಹಿಗ್ಗಿದೆ. ಮಧುಬನಿ, ವರ್ಲಿ, ಕೇರಳದ ಭಿತ್ತಿಚಿತ್ರದ ಮಾದರಿಗಳು ಬಂದವು. ಅವುಗಳ ನಡುವೆ ಮಲೆನಾಡಿನ ದೀವರ ಚಿತ್ತಾರವೂ ಸೀರೆಗೆ ಏರಿದೆ. ಸಾಗರ, ಸೊರಬದ ಕಡೆ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿಯಿಂದ ಬರೆಯುತ್ತಿದ್ದ ನೇರ ಗೆರೆಗಳ ಜಾಲ ಅದು. ಇಟ್ಟಿಗೆ ಕೆಂಪು ಕ್ರೇಪಿನ ಮೇಲೆ ಅದು ಎದ್ದು ಕಾಣುವ ಹಾಗೆ ಹೊರಗಿನಿಂದ ಬಂದ ಯಾವ ಮಾದರಿಯೂ ಕಾಣುವುದಿಲ್ಲ. ಚಿತ್ತಾರದ ಸೀರೆ ಕೇಳಿ ಪಡೆಯುವವರು ಹೆಚ್ಚಬೇಕು.

ಇಲ್ಲಿಂದ ಮುಂದೆ ಕೊಳ್ಳುವವರ ಪ್ರಶ್ನೆ. ಬಿ.ಟಿ.ಎಂ. ಲೇಔಟಿನ ಅಂಚಿನಲ್ಲಿ, ಹೊಸೂರು ರಸ್ತೆ ಮತ್ತು ಹೊರವರ್ತುಲ ರಸ್ತೆ ಸೇರುವ ಕಡೆ, ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿದೆ. ವಾಹನ ದಟ್ಟಣೆಗೆ ನಾಡಿಗೆಲ್ಲ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ಅದೇ. 1948ರ ಕಾಯ್ದೆಯಿಂದ ಹುಟ್ಟಿದ ಮಂಡಳಿ ಅದು. 1983ರಲ್ಲಿ ಆರಂಭವಾದ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಅದೇ ಆವರಣದಲ್ಲಿದೆ. 2004ರಲ್ಲಿ ಮಂಡಳಿ ಸಿಲ್ಕ್ ಮಾರ್ಕ್ ಎಂಬ ಗುರುತನ್ನು ತಂದಿತು. ಚೀಟಿಯ ಮೇಲೆ ಹೊಲೊಗ್ರಾಮ್, ಅದಕ್ಕೊಂದು ಸಂಖ್ಯೆ. ಬಟ್ಟೆ ಅಪ್ಪಟ ರೇಷ್ಮೆ ಎಂಬುದಕ್ಕೆ ಖಾತರಿ. ಕೃತಕ ನೂಲಿನ ಸೀರೆಯನ್ನು ರೇಷ್ಮೆಯೆಂದು ಮಾರುವ ಕಾಲದಲ್ಲಿ ಇದು ದೊಡ್ಡ ಉಪಕಾರ. ಚೀಟಿ ಇಲ್ಲದಿದ್ದರೆ ಅಂಚಿನಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡುವ ಹಳೆಯ ಪರೀಕ್ಷೆಯಿದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಉಜ್ಜಿದರೆ ಪುಡಿಯಾಗುವ ಕರಿ ಬೂದಿ ಬಿಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಆದರೆ ಆ ಚೀಟಿ ಹೇಳುವುದು ನೂಲಿನ ಮಾತನ್ನು. ಮೇಲಿನ ಚಿತ್ರದ ಬಗ್ಗೆ, ಬಣ್ಣದ ಬಗ್ಗೆ, ಅದನ್ನು ಬರೆದವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಶ್ರೀಕಾಳಹಸ್ತಿಯ ಕಲಂಕಾರಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಮೈಸೂರು ರೇಷ್ಮೆಗೆ ಸಿಕ್ಕಿದೆ. ಬೆಂಗಳೂರಿನ ಮನೆಗಳಲ್ಲಿ ನಡೆಯುವ ಈ ಚಿತ್ರಗೆಲಸಕ್ಕೆ ಅಂಥದ್ದು ಇಲ್ಲ. ಹಾಗಾಗಿ ಕೊಳ್ಳುವವರು ತಾವೇ ನೋಡಬೇಕು, ತಾವೇ ಕೇಳಬೇಕು.

ಮೊದಲು ಸೀರೆಯನ್ನು ತಿರುಗಿಸಿ ಹಿಂಬದಿ ನೋಡಬೇಕು. ರೇಷ್ಮೆ ಪ್ರೋಟೀನಿನ ಎಳೆ. ಅದಕ್ಕೆಂದೇ ಇರುವ ಆಸಿಡ್ ಬಣ್ಣಗಳಿಂದ ಬರೆದು ಹಬೆಯಲ್ಲಿ ಬೇಯಿಸಿದರೆ ಬಣ್ಣ ಎಳೆಗೇ ಹತ್ತುತ್ತದೆ, ಚಿತ್ರ ಎರಡೂ ಬದಿಗೆ ಕಾಣುತ್ತದೆ, ಮುಟ್ಟಿದರೆ ಬಟ್ಟೆ ಮೊದಲಿನಷ್ಟೇ ಮೆತ್ತಗಿರುತ್ತದೆ. ಬಾಟಲಿಯ ಆಕ್ರಿಲಿಕ್ ಬಣ್ಣ ಎಳೆಯ ಮೇಲೆ ಕೂರುತ್ತದೆ. ಹಿಂಬದಿಗೆ ಅಷ್ಟಾಗಿ ಇಳಿಯುವುದಿಲ್ಲ, ಬೆರಳಿಗೆ ದಪ್ಪ ತಿಳಿಯುತ್ತದೆ. ಎರಡನೆಯದು ಕೆಟ್ಟದ್ದೆಂದಲ್ಲ. ತೆಳುವಾಗಿ, ಒಳ್ಳೆಯ ಕೈಯಲ್ಲಿ ಬರೆದಿದ್ದರೆ ವರ್ಷಗಟ್ಟಲೆ ನಿಲ್ಲುತ್ತದೆ. ದಪ್ಪಗೆ ಮೆತ್ತಿದ್ದರೆ ಮಡಿಕೆಯ ಗೆರೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಸೆರಗನ್ನು ಒಮ್ಮೆ ಮೆಲ್ಲಗೆ ಮಡಚಿ ಬಿಡಿಸಿ ನೋಡುವುದು ಒಳ್ಳೆಯದು. ಒದ್ದೆ ಬಿಳಿ ಬಟ್ಟೆಯನ್ನು ಚಿತ್ರದ ಮೂಲೆಗೆ ಒತ್ತಿ ತೆಗೆದರೆ ಬಣ್ಣ ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ. ಎರಡು ಹೂವು ಪಕ್ಕಪಕ್ಕದಲ್ಲಿದ್ದು ಎಳ್ಳಷ್ಟೂ ವ್ಯತ್ಯಾಸವಿಲ್ಲದಿದ್ದರೆ ಅದು ಯಂತ್ರದ ಮುದ್ರಣವಿರಬಹುದು. ಕೈಬರಹದಲ್ಲಿ ಒಂದು ದಳ ಅಗಲ, ಒಂದು ಕಿರಿದು. ಗೆರೆ ಎತ್ತುವ ಕಡೆ ತೆಳುವಾಗಿ ಮುಗಿದಿರುತ್ತದೆ. ಸೀರೆಯನ್ನು ಮೈಮೇಲೆ ಹೊದ್ದು ನೋಡುವುದೂ ಮುಖ್ಯ. ಬರೆದವರು ಸೀರೆ ಉಡುವ ಬಗೆ ಬಲ್ಲವರಾಗಿದ್ದರೆ ಒಳಗೆ ಸುತ್ತಿಹೋಗುವ ಭಾಗಕ್ಕೆ ಶ್ರಮ ಹಾಕದೆ, ನೆರಿಗೆಯ ಮುಂಭಾಗಕ್ಕೂ ಹೆಗಲ ಮೇಲೆ ಬರುವ ಸೆರಗಿಗೂ ಚಿತ್ರವನ್ನು ಹೊಂದಿಸಿರುತ್ತಾರೆ.

ಕಾಪಾಡುವ ವಿಷಯದಲ್ಲಿ ನಮ್ಮ ಮನೆಗಳಿಗೆ ಹಳೆಯ ಅಭ್ಯಾಸವಿದೆ. ಪಟ್ಟೆಸೀರೆ ಪೂಜೆಗೆ, ಮದುವೆಗೆ ಉಡುವಂಥದ್ದು. ಉಟ್ಟ ಮೇಲೆ ನೆರಳಿನಲ್ಲಿ ಗಾಳಿಗೆ ಹರವಿ, ಬೆವರು ಆರಿದ ನಂತರ ಮಡಚಿ ಇಡುತ್ತಿದ್ದರು. ಅಗತ್ಯ ಬಿದ್ದರೆ ಅಂಟುವಾಳದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಬಣ್ಣ ಬರೆದ ಸೀರೆಗೆ ಇದರಲ್ಲಿ ಮೊದಲ ಭಾಗ ಪೂರ್ತಿ ಒಪ್ಪುತ್ತದೆ, ಎರಡನೆಯದನ್ನು ಬರೆದವರನ್ನು ಕೇಳದೆ ಮಾಡಬಾರದು. ಡ್ರೈಕ್ಲೀನಿಗೆ ಕೊಡುವಾಗಲೂ ಇದು ಕೈಬಣ್ಣದ್ದೆಂದು ಬಾಯಿಬಿಟ್ಟು ಹೇಳಬೇಕು. ಕೆಲವು ದ್ರಾವಕಗಳು ಆಕ್ರಿಲಿಕ್ಕನ್ನು ಮೆತ್ತಗಾಗಿಸುತ್ತವೆ. ಬೀದಿ ಬೀದಿಯಲ್ಲಿ ಬೋರ್ಡು ಕಾಣುವ ಸೀರೆ ರೋಲಿಂಗ್, ಪಾಲಿಶ್ ಇದಕ್ಕೆ ಬೇಡವೇ ಬೇಡ. ಬಿಸಿ ಉರುಳೆಯ ನಡುವೆ ಚಿತ್ರ ಪಕ್ಕದ ಪದರಿಗೆ ಅಂಟಬಹುದು, ಹಾಕಿದ ಗಂಜಿ ಬೀರುವಿನಲ್ಲಿ ಹುಳುವನ್ನು ಕರೆಯುತ್ತದೆ. ಇಸ್ತ್ರಿಯನ್ನು ಹಿಂಬದಿಯಿಂದ, ನಡುವೆ ಹತ್ತಿಯ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಹಾಕಬೇಕು.

ಸುಗಂಧವನ್ನು ಸೀರೆ ಉಡುವ ಮೊದಲೇ ಮೈಗೆ ಹಾಕಿಕೊಳ್ಳಬೇಕು. ಬಟ್ಟೆಯ ಮೇಲೆ ಸಿಂಪಡಿಸಿದರೆ ಕಲೆ ಉಳಿಯುತ್ತದೆ. ತಂತಿಯ ಹ್ಯಾಂಗರಿಗೆ ನೇತುಹಾಕುವುದು, ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡುವುದು ಎರಡೂ ಬೇಡ. ಹಳೆಯ ಮಲ್ಲಿನ ಪಂಚೆಯೊಂದಿದ್ದರೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಚಿತ್ರವಿರುವ ಭಾಗ ಒಳಗೆ ಬರುವಂತೆ ಮಡಚಿ, ನಡುವೆ ತೆಳುವಾದ ಬಿಳಿ ಬಟ್ಟೆ ಇಟ್ಟರೆ ಬಣ್ಣಕ್ಕೆ ಬಣ್ಣ ತಾಗುವುದಿಲ್ಲ. ನುಸಿಗುಳಿಗೆ ಜರಿಗೂ ಚಿತ್ರಕ್ಕೂ ತಾಗಬಾರದು. ಒಂದು ಸಣ್ಣ ಚೀಲದಲ್ಲಿ ಲವಂಗವೋ ಒಣ ಬೇವಿನೆಲೆಯೋ ಬೀರುವಿನ ಮೂಲೆಯಲ್ಲಿದ್ದರೆ ಸಾಕು. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಗಾಳಿಯಲ್ಲಿ ತೇವ ಹೆಚ್ಚು. ವರಮಹಾಲಕ್ಷ್ಮಿ, ಗೌರಿ ಹಬ್ಬಗಳಿಗೆ ಸೀರೆಗಳೆಲ್ಲ ಹೊರಬರುವುದೂ ಆಗಲೇ. ಆ ನೆಪದಲ್ಲಿ ಎಲ್ಲವನ್ನೂ ಬಿಡಿಸಿ ಗಾಳಿಗೊಡ್ಡಿ, ಹಳೆಯ ಮಡಿಕೆಯ ಗೆರೆ ತಪ್ಪಿಸಿ ಬೇರೆ ಕಡೆ ಮಡಚಿದರೆ ವರ್ಷದ ಆರೈಕೆಯ ಅರ್ಧ ಮುಗಿದಂತೆ.

ಹಳೆಯ ಸಾದಾ ಕ್ರೇಪ್ ಸೀರೆಯ ಮೇಲೆ ಎಣ್ಣೆಯ ಕಲೆಯೋ ಸಣ್ಣ ತೂತೋ ಬಿದ್ದು ಅದು ಬೀರುವಿನ ತಳ ಸೇರಿದ್ದರೆ ಅದನ್ನು ಬಣ್ಣ ಬರೆಯುವವರ ಹತ್ತಿರ ಒಯ್ಯಬಹುದು. ಕಲೆಯ ಮೇಲೆ ಬಳ್ಳಿ ಹಬ್ಬಿಸಿ, ತೂತಿಗೆ ತುಂಡು ಹೊಲಿದು ಅದರ ಮೇಲೆ ಹೂ ಬರೆದು ಅಮ್ಮನ ಸೀರೆಯನ್ನು ಮಗಳಿಗೆ ಉಡಿಸುವ ಕೆಲಸ ಈ ಬಡಾವಣೆಗಳಲ್ಲಿ ನಡೆಯುತ್ತಲೇ ಇದೆ.

ಸೀರೆ ಕೊಳ್ಳುವಾಗ ಅಂಗಡಿಯವರಿಂದ ಸಿಲ್ಕ್ ಮಾರ್ಕ್ ಚೀಟಿ ಕೇಳಿ ಪಡೆಯಿರಿ. ಅದರ ಜೊತೆಗೆ ಇದನ್ನು ಬರೆದವರು ಯಾರು, ಯಾವ ಬಣ್ಣ ಬಳಸಿದರು, ಒಗೆಯುವುದು ಹೇಗೆ ಎಂಬುದನ್ನೂ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಂಡು ಸೀರೆಯ ಜೊತೆಯಲ್ಲೇ ಇಡಿ. ಸೆರಗಿನ ಒಳಮೂಲೆಯಲ್ಲಿ ತನ್ನ ಹೆಸರು ಬರೆಯುವಂತೆ ಚಿತ್ರ ಬರೆದಾಕೆಯನ್ನೇ ಒತ್ತಾಯಿಸಿ.